ಸೀತಾಬರ್ಡಿಯ ಎರಡು ಗುಡ್ಡ, ನಮ್ಮ ಪೈಪಿನ ಎರಡು ಬಾಗಿಲು

ಈ ವಾರದ ಮಾತಿನ ಬರಹ ರೂಪ ಇದು. ಆಫೀಸ್ ಕ್ಯಾಬಿನಲ್ಲಿ, ಮೆಟ್ರೋದಲ್ಲಿ ವಿಡಿಯೋ ನೋಡೋಕೆ ಆಗಲ್ಲ ಅನ್ನೋ ಸ್ನೇಹಿತರಿಗಾಗಿ ಎಂದಿನಂತೆ ಬರೆದು ಹಾಕ್ತಿದ್ದೀನಿ. ಮಾತಾಡುವಾಗ ಟೈಮ್ ಸಾಲದೆ ಬಿಟ್ಟದ್ದು ಕೆಲವು ಇಲ್ಲಿ ಸೇರಿವೆ.

ವಿಷಯ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಟೆಕ್ಸಾಸ್‌ನಲ್ಲಿರೋ ನಮ್ಮ ಕೇಳುಗರೊಬ್ಬರು ಕೇಳಿದ್ರು: “ಲಾನ್ ಸ್ಪ್ರಿಂಕ್ಲರಿನ ಬ್ಯಾಕ್‌ಫ್ಲೋ ಟೆಸ್ಟ್ ಫೇಲ್ ಆಗಿದೆ ಅಂತ ವಾಟರ್ ಡಿಪಾರ್ಟ್‌ಮೆಂಟಿಂದ ಕಾಗದ ಬಂದಿದೆ. ಮನೆ ನೀರು ಚೆನ್ನಾಗೇ ಬರ್ತಿದೆ. ಸುಮ್ಮನೆ ದುಡ್ಡು ಕೀಳೋಕೆ ಮಾಡಿರೋ ನಿಯಮ ಅಲ್ವಾ ಇದು? ನೀವಿರೋ ನಾಗಪುರದಲ್ಲಿ ಇಂಥದ್ದೆಲ್ಲ ಇದೆಯಾ?”

ಇದೆ. ಟೆಸ್ಟ್ ಇಲ್ಲ, ಕಾಗದ ಇಲ್ಲ, ಆದರೆ ಆ ಕಾಯಿಲೆ ಮಾತ್ರ ಖಂಡಿತ ಇದೆ. ಅದರ ಚರಿತ್ರೆಯ ಒಂದು ದೊಡ್ಡ ಭಾಗ ನಾನು ದಿನಾ ಓಡಾಡೋ ಸೀತಾಬರ್ಡಿಯ ಸುತ್ತಮುತ್ತಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಎರಡು ಗುಡ್ಡದ ಕಥೆ

ನಾಗಪುರದವರು ಸೀತಾಬರ್ಡಿಯನ್ನ ಬರೀ ‘ಬರ್ಡಿ’ ಅಂತಾರೆ. ವೆರೈಟಿ ಚೌಕದ ಬಟ್ಟೆ ಅಂಗಡಿ ಸಾಲು, ಝಾಂಸಿ ರಾಣಿ ಚೌಕದ ಗದ್ದಲ, ಎರಡು ಮೆಟ್ರೋ ಮಾರ್ಗ ಸೇರುವ ನಿಲ್ದಾಣ, ಅದರಾಚೆ ಸೇನೆಯ ಕೈಯಲ್ಲಿರೋ ಕೋಟೆ. ಈ ಕೋಟೆ ಕಟ್ಟಿದ್ದು 1817ರ ಯುದ್ಧ ಆದಮೇಲೆ. ಯುದ್ಧದ ಹೊತ್ತಿಗೆ ಅಲ್ಲಿ ಇದ್ದದ್ದು ಎರಡು ಬೋಳು ಗುಡ್ಡ, ಒಂದು ದೊಡ್ಡದು, ಒಂದು ಚಿಕ್ಕದು.

ನವೆಂಬರ್ 26ರ ಸಂಜೆ ನಾಗಪುರದ ದೊರೆ ಅಪ್ಪಾಸಾಹೇಬ ಭೋಂಸಲೆಯ ಸೇನೆಗೂ ಕಂಪನಿಯ ಸೇನೆಗೂ ಗುಂಡಿನ ಕಾಳಗ ಶುರುವಾಯ್ತು. ಕಂಪನಿ ಕಡೆ ಇದ್ದವರು ಒಂದೂವರೆ ಸಾವಿರದೊಳಗೆ, ಅದರಲ್ಲಿ ಮದ್ರಾಸ್ ಸೇನೆಯ ಸಿಪಾಯಿಗಳೂ ಇದ್ದರು. ಎದುರಿಗೆ ಅದರ ಹತ್ತು ಪಟ್ಟಿಗೂ ಹೆಚ್ಚು ಜನ. ಮರುದಿನ ಬೆಳಿಗ್ಗೆ ಚಿಕ್ಕ ಗುಡ್ಡದ ಮೇಲೆ ಮದ್ದಿನ ಬಂಡಿ ಸಿಡಿದು ಗಲಿಬಿಲಿ ಆಯ್ತು. ಭೋಂಸಲೆಯ ಅರಬ್ ಪಡೆ ನುಗ್ಗಿ ಗುಡ್ಡ ಹಿಡಿದರು, ಅಲ್ಲಿ ಸಿಕ್ಕ ತೋಪುಗಳನ್ನೇ ದೊಡ್ಡ ಗುಡ್ಡದ ಕಡೆ ತಿರುಗಿಸಿದರು. ಕ್ಯಾಪ್ಟನ್ ಫಿಟ್ಜ್‌ಜೆರಾಲ್ಡನ ಕುದುರೆ ಪಡೆ ನುಗ್ಗದೆ ಹೋಗಿದ್ದರೆ, ಚಿಕ್ಕ ಗುಡ್ಡ ವಾಪಸ್ ಸಿಗದೆ ಹೋಗಿದ್ದರೆ, ದೊಡ್ಡ ಗುಡ್ಡ ಎಷ್ಟು ಹೊತ್ತು ನಿಲ್ತಿತ್ತೋ ಹೇಳೋಕಾಗಲ್ಲ.

ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ. ನಿಮ್ಮ ಕಾಗದದಲ್ಲಿರೋ ಆ ಹಿತ್ತಾಳೆ ಡಬ್ಬದ ಒಳಗೂ ಇರೋದು ಇದೇ ಏರ್ಪಾಡು. ‘ಡಬಲ್ ಚೆಕ್’ ಅನ್ನೋ ಬಗೆಯಲ್ಲಿ ಒಂದರ ಹಿಂದೆ ಒಂದು ಎರಡು ಬಾಗಿಲು. ನೀರು ಒಳಗೆ ಬರುವಾಗ ತೆರೆಯುತ್ತವೆ, ವಾಪಸ್ ಹೋಗೋಕೆ ನೋಡಿದರೆ ಸ್ಪ್ರಿಂಗ್ ತಳ್ಳಿ ಮುಚ್ಚುತ್ತೆ. ಒಂದು ಕೆಟ್ಟರೆ ಇನ್ನೊಂದು ಕಾಯಲಿ ಅನ್ನೋ ಲೆಕ್ಕ. ಟೆಸ್ಟ್ ಫೇಲ್ ಅಂದರೆ ಎಷ್ಟೋ ಸಲ ಚಿಕ್ಕ ಗುಡ್ಡ ಬಿದ್ದಿದೆ ಅಂತ ಅರ್ಥ. ಮನೆ ನೀರು ಚೆನ್ನಾಗಿರೋದು ದೊಡ್ಡ ಗುಡ್ಡ ಇನ್ನೂ ನಿಂತಿರೋದರಿಂದ, ಅಥವಾ ಶತ್ರು ಇನ್ನೂ ಬಂದಿಲ್ಲದ್ದರಿಂದ.

ಶತ್ರು ಯಾವಾಗ ಬರ್ತಾನೆ?

ನೀರು ಹಿಮ್ಮುಖವಾಗಿ ಹರಿಯೋಕೆ ಎರಡೇ ಕಾರಣ. ಒಂದು, ಬೀದಿ ಪೈಪಿನಲ್ಲಿ ಒತ್ತಡ ಬಿದ್ದುಹೋಗಿ, ನಾವು ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ ಅದು ಮನೆಗಳಿಂದ ಹೀರಿಕೊಳ್ಳೋದು. ಎರಡು, ಮನೆ ಕಡೆಯ ಒತ್ತಡವೇ ಬೀದಿಗಿಂತ ಹೆಚ್ಚಾಗಿ ವಾಪಸ್ ತಳ್ಳೋದು. ಪಂಪು, ಬಾಯ್ಲರ್, ಎತ್ತರದ ಟ್ಯಾಂಕು ಮಾಡೋದು ಈ ಎರಡನೇ ಕೆಲಸ.

ಸ್ಪ್ರಿಂಕ್ಲರ್ ಯಾಕೆ ಅಪಾಯ ಅಂತ ಕೇಳೋರಿಗೆ 1969ರ ಒಂದು ಘಟನೆ ಸಾಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಲ್ಲಿ ಹೋಲಿ ಕ್ರಾಸ್ ಅನ್ನೋ ಕಾಲೇಜಿದೆ. ಅದರ ಫುಟ್‌ಬಾಲ್ ತಂಡ ಅಭ್ಯಾಸ ಮಾಡುತ್ತಿದ್ದ ಮೈದಾನದ ಸ್ಪ್ರಿಂಕ್ಲರ್ ಪೈಪು ಕುಡಿಯೋ ನಲ್ಲಿಯ ಪೈಪಿಗೇ ಸೇರಿತ್ತು. ನೆಲದ ಮಟ್ಟದ ಗುಂಡಿಗಳಲ್ಲಿ ನಿಂತ ನೀರಲ್ಲಿ ಪಕ್ಕದ ಮನೆ ಮಕ್ಕಳು ಆಡ್ತಿದ್ದರು, ಆ ಮಕ್ಕಳಿಗೆ ಹೆಪಟೈಟಿಸ್ ಇತ್ತು. ಒಂದು ದಿನ ಊರಲ್ಲಿ ಬೆಂಕಿ ಬಿತ್ತು. ಅಗ್ನಿಶಾಮಕದವರು ಮುಖ್ಯ ಪೈಪಿನಿಂದ ನೀರೆಳೆದಾಗ ಒತ್ತಡ ಕುಸಿದು, ಗುಂಡಿಯ ನೀರು ಕುಡಿಯೋ ನಲ್ಲಿಗೆ ಬಂತು. 97 ಜನರ ತಂಡದಲ್ಲಿ 90 ಮಂದಿಗೆ ಸೋಂಕು. ಎರಡು ಆಟ ಆಡಿ ಆ ವರ್ಷದ ಸೀಸನ್ನೇ ರದ್ದು ಮಾಡಿದರು.

ಅದಕ್ಕೂ ಮೊದಲು, 1933ರಲ್ಲಿ ಶಿಕಾಗೋದಲ್ಲಿ ವಿಶ್ವಮೇಳ ನಡೀತಿದ್ದಾಗ ಎರಡು ಹೋಟೆಲುಗಳ ಹಳೇ ಕೊಳಾಯಿ ಕೆಲಸದಿಂದ ಕೊಳಚೆ ಕುಡಿಯೋ ನೀರಿಗೆ ಸೇರಿ, ಅಮೀಬಾ ಆಮಶಂಕೆ ಹರಡಿತು. ಸುಮಾರು 1,400 ಜನ ಮಲಗಿದರು, ಸತ್ತವರು ನೂರರ ಹತ್ತಿರ. ನಿಮ್ಮ ಕಾಗದದ ಹಿಂದಿರೋ ನಿಯಮ ಹುಟ್ಟಿದ್ದು ಇಂಥ ಲೆಕ್ಕಗಳಿಂದ.

ಬರ್ಡಿಯ ಪಕ್ಕದ ನೀರು

ಈಗ ನಾಗಪುರಕ್ಕೆ ಬರೋಣ. ಬರ್ಡಿ ಗುಡ್ಡದ ಪೂರ್ವಕ್ಕೆ ಭೋಂಸಲೆಯವರ ಹಳೇ ಊರು ಮಹಾಲ್, ಪಶ್ಚಿಮಕ್ಕೆ ಅಂಬಾಝರಿ ಕೆರೆ. ಭೋಂಸಲೆ ಕಾಲದ ಆ ಕೆರೆಯನ್ನ 1870ರ ದಶಕದ ಆರಂಭದಲ್ಲಿ ದೊಡ್ಡದು ಮಾಡಿ ಊರಿಗೆ ಪೈಪಿನಲ್ಲಿ ನೀರು ತಂದ ಎಂಜಿನಿಯರ್ ಅಲೆಕ್ಸಾಂಡರ್ ಬಿನ್ನಿ. ಈ ಕೆಲಸದ ಬಗ್ಗೆ, ನಾಗಪುರದ ಮಳೆ ಮತ್ತು ನೀರು ಆವಿಯಾಗೋ ಲೆಕ್ಕದ ಬಗ್ಗೆ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ 1874ರಲ್ಲಿ ಪ್ರಬಂಧ ಮಂಡಿಸಿ ಟೆಲ್ಫರ್ಡ್ ಪದಕ ಪಡೆದ. ಮುಂದೆ ಲಂಡನ್ನಿನ ಥೇಮ್ಸ್ ನದಿ ಕೆಳಗೆ ಬ್ಲ್ಯಾಕ್‌ವಾಲ್ ಸುರಂಗ ಕಟ್ಟಿಸಿದ ಚೀಫ್ ಎಂಜಿನಿಯರ್ ಇದೇ ಮನುಷ್ಯ. ನಾಗಪುರದಲ್ಲಿ ಕಲಿತದ್ದು ಲಂಡನ್ನಿಗೆ ಹೋಯ್ತು ಅಂದರೆ ತಪ್ಪಾಗಲ್ಲ.

ಊರು ಬೆಳೆದ ಹಾಗೆ ಅಂಬಾಝರಿ ಸಾಲದಾಯ್ತು. ಗೋರೆವಾಡಾ ಕೆರೆ, ಕನ್ಹಾನ್ ನದಿ, ಈಗ ಮುಖ್ಯವಾಗಿ ಪೆಂಚ್ ನೀರು ಸೇರಿಕೊಂಡವು. ಆದರೆ ನೀರು ಹೆಚ್ಚಾದರೂ ನಲ್ಲಿ ದಿನವಿಡೀ ಬರಲಿಲ್ಲ. ನಮ್ಮ ದೇಶದ ಎಷ್ಟೋ ಊರುಗಳ ಹಾಗೆ ಗಂಟೆ ಲೆಕ್ಕದಲ್ಲಿ ಬಿಡೋದು ರೂಢಿ ಆಯ್ತು.

ಸಮಸ್ಯೆ ಇರೋದು ಇಲ್ಲೇ. ಪೈಪಿನೊಳಗಿನ ಒತ್ತಡವೇ ಅದರ ಕಾವಲುಗಾರ. ಒಳಗೆ ಒತ್ತಡ ಇದ್ದಾಗ ಪೈಪು ಎಲ್ಲಾದರೂ ತೂತಾಗಿದ್ದರೆ ನೀರು ಹೊರಗೆ ಸೋರುತ್ತೆ ಅಷ್ಟೆ. ಒತ್ತಡ ಸೊನ್ನೆಗಿಳಿದರೆ ಅದೇ ತೂತಿಂದ ಪಕ್ಕದ ಚರಂಡಿ ನೀರು ಒಳಗೆ ಬರುತ್ತೆ. ಅಮೆರಿಕದಲ್ಲಿ ಬೆಂಕಿ ಬಿದ್ದ ದಿನ ಆದದ್ದು ನಮ್ಮಲ್ಲಿ ನೀರು ನಿಲ್ಲಿಸಿದಾಗೆಲ್ಲ ಆಗಬಹುದು. ಅದರ ಮೇಲೆ ನೇರ ನಲ್ಲಿಗೇ ಟುಲ್ಲು ಪಂಪ್ ಹಾಕಿ ಎಳೆದರೆ ಕೇಳೋದೇ ಬೇಡ. ನಮ್ಮ ಮನೆಗೆ ನಾಲ್ಕು ಕೊಡ ಜಾಸ್ತಿ ಬರುತ್ತೆ, ಬೀದಿಯ ಪೈಪು ಚರಂಡಿ ಹೀರುತ್ತೆ.

ಇದಕ್ಕೆ ಪುರಾವೆ ಸಿಕ್ಕಿದ್ದು ನಮ್ಮ ಹುಬ್ಬಳ್ಳಿ–ಧಾರವಾಡದಲ್ಲೇ. ಅಲ್ಲಿ 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬರೋ ಹಾಗಾಯ್ತು, ಉಳಿದ ಕಡೆ ಐದಾರು ದಿನಕ್ಕೊಮ್ಮೆ ಬಿಡೋದೇ ಮುಂದುವರಿಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನಲ್ಲಿ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಕೊಳಚೆಯ ಗುರುತಿನ ಬ್ಯಾಕ್ಟೀರಿಯಾ ಬಹಳ ಹೆಚ್ಚು ಸಲ ಸಿಕ್ಕವು. ನೀರು ಬಿಟ್ಟ ಮೊದಲ ನಿಮಿಷಗಳಲ್ಲಿ, ಒತ್ತಡ ಕಡಿಮೆ ಇದ್ದಾಗ ಇನ್ನೂ ಹೆಚ್ಚು. 2015ರ ಮತ್ತೊಂದು ಅಧ್ಯಯನದಲ್ಲಿ 24 ಗಂಟೆ ನೀರಿನ ವಾರ್ಡುಗಳಲ್ಲಿ ಟೈಫಾಯ್ಡ್ ಕಡಿಮೆ ಕಂಡಿತು. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಮಾತ್ರ ಒಟ್ಟಾರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಹೇಳಬೇಕು, ಯಾಕಂದ್ರೆ ಭೇದಿಗೆ ದಾರಿ ನಲ್ಲಿ ಒಂದೇ ಅಲ್ಲ.

ನಾಗಪುರವೂ 2012ರಿಂದ ಖಾಸಗಿ ಪಾಲುದಾರಿಕೆಯಲ್ಲಿ 24 ಗಂಟೆ ನೀರಿನ ಯೋಜನೆ ಕೈಗೆತ್ತಿಕೊಂಡಿತು. ಧರಂಪೇಠ್ ಪ್ರಾಯೋಗಿಕ ವಲಯ. ಇಡೀ ಊರಿಗೆ ಅಂತ ಇಟ್ಟ ಗಡುವು ದಾಟಿದರೂ ಕೆಲಸ ಮುಗಿದಿರಲಿಲ್ಲ. ಹಾಗಾಗಿ ಇವತ್ತಿಗೂ ಇಲ್ಲಿನ ಮನೆಗಳಲ್ಲಿ ಸಂಪು, ಟ್ಯಾಂಕು, ಬೋರ್‌ವೆಲ್ಲು ಎಲ್ಲ ಒಟ್ಟಿಗೆ.

ಕ್ಲೋರಿನ್ ಸುರಿದರೆ ಸಾಕಾ?

ಟೆಸ್ಟ್ ಫೇಲ್ ಆದಾಗ ಜನರ ಮೊದಲ ಮಾತು “ಸ್ವಲ್ಪ ಕ್ಲೋರಿನ್ ಜಾಸ್ತಿ ಹಾಕಿ”. ಇದಕ್ಕೆ ಉತ್ತರ ಕೊಟ್ಟಿದ್ದು 1955ರ ದಿಲ್ಲಿ.

ಆ ವರ್ಷ ಯಮುನೆಗೆ ಪ್ರವಾಹ ಬಂದು ನದಿ ತನ್ನ ಹರಿವಿನ ಜಾಗ ಬದಲಿಸಿತು. ವಜೀರಾಬಾದಿನಲ್ಲಿ ಊರಿಗೆ ನೀರೆತ್ತುವ ಜಾಗಕ್ಕಿಂತ ಕೆಳಗೆ ನಜಫ್‌ಗಢ ನಾಲೆಯ ಕೊಳಚೆ ನದಿಗೆ ಸೇರ್ತಿತ್ತು. ನವೆಂಬರಲ್ಲಿ ಆ ಕೊಳಚೆ ಹಿಂದಕ್ಕೆ ಸರಿದು ನೀರೆತ್ತುವ ಜಾಗಕ್ಕೇ ಬಂತು. ಅಂದರೆ ಒಂದು ರಾಜಧಾನಿಯ ಅಳತೆಯ ಬ್ಯಾಕ್‌ಫ್ಲೋ. ನೀರು ಕೆಟ್ಟಿದ್ದು ಅಲ್ಲಿನ ಸಿಬ್ಬಂದಿಗೆ ಗೊತ್ತಾಯ್ತು. ಅವರು ಸುಮ್ಮನೆ ಕೂರಲಿಲ್ಲ, ಆಲಮ್ಮು, ಕ್ಲೋರಿನ್ನು ಎರಡನ್ನೂ ಹೆಚ್ಚಿಸಿದರು. ಟೈಫಾಯ್ಡ್ ಏರಲಿಲ್ಲ, ಬ್ಯಾಕ್ಟೀರಿಯಾ ಸತ್ತಿದ್ದವು. ಆದರೆ ವೈರಸ್ ದಾಟಿಕೊಂಡಿತ್ತು. ಡಿಸೆಂಬರ್ ಮತ್ತು ಜನವರಿಯಲ್ಲಿ ಸುಮಾರು 29,300 ಜನಕ್ಕೆ ಕಾಮಾಲೆ. ಬಸುರಿಯರಲ್ಲಿ ಸಾವು ಉಳಿದವರಿಗಿಂತ ಬಹಳ ಹೆಚ್ಚು. ಅದು ಯಾವ ವೈರಸ್ ಅಂತ ಆಗ ಗೊತ್ತಿರಲಿಲ್ಲ. ತೆಗೆದಿಟ್ಟಿದ್ದ ರಕ್ತದ ಮಾದರಿಗಳನ್ನ ಮತ್ತೆ ಪರೀಕ್ಷಿಸಿ ಇದು ಹೆಪಟೈಟಿಸ್ ಎ ಅಲ್ಲ ಅಂತ 1980ರಲ್ಲಿ ಗೊತ್ತಾಯ್ತು. ಈಗ ಅದರ ಹೆಸರು ಹೆಪಟೈಟಿಸ್ ಇ.

ಈಗ ದಿಲ್ಲಿಯಲ್ಲಿ ನೀರೆತ್ತೋದು ವಜೀರಾಬಾದ್ ಬ್ಯಾರೇಜಿನ ಮೇಲಿಂದ, ನಾಲೆ ಸೇರೋದು ಕೆಳಗೆ. ಬ್ಯಾರೇಜು 1959ರದ್ದು. ನಡುವೆ ಒಂದು ಗೋಡೆ ಬಂತು.

ಈ ಪ್ರಕರಣದಿಂದ ನಾನು ತೆಗೆದುಕೊಳ್ಳೋ ಪಾಠ ಇಷ್ಟೆ. ಕ್ಲೋರಿನ್ ನೀರಿಗೆ ಮದ್ದು, ದಾರಿಗೆ ಅಲ್ಲ. ಟೆಸ್ಟ್ ಫೇಲ್ ಆಗಿರೋದು ದಾರಿ. ಮೊದಲು ದಾರಿ ಮುಚ್ಚಬೇಕು, ಆಮೇಲೆ ಮದ್ದು.

ದಿಲ್ಲಿಯ ಆ ಕಾಮಾಲೆಯಾಗಿ ಎರಡು ವರ್ಷಕ್ಕೆ, 1958ರಲ್ಲಿ, ಸೀತಾಬರ್ಡಿಯಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಕೇಂದ್ರ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಶುರುವಾಯ್ತು. ಕುಡಿಯೋ ನೀರು, ಕೊಳಚೆ, ಅವೆರಡರಿಂದ ಬರೋ ರೋಗ ಅದರ ಕೆಲಸ. 1974ರಲ್ಲಿ ಅದಕ್ಕೆ ಈಗಿನ ಹೆಸರು ಬಂತು, ನೀರಿ. ನಾಗಪುರಕ್ಕೆ ಮೊದಲ ಸಲ ಬಂದಾಗ ಆ ಬೋರ್ಡು ನೋಡಿ ‘ನೀರಿಗೆ ಎಂಥ ಕನ್ನಡದ ಹೆಸರು’ ಅಂತ ಖುಷಿಪಟ್ಟಿದ್ದೆ. ಅದು ಇಂಗ್ಲಿಷ್ ಅಕ್ಷರಗಳ ಜೋಡಣೆ ಅಷ್ಟೆ, ಆದರೂ ಖುಷಿ ಹೋಗಿಲ್ಲ.

ನಮ್ಮ ಕಟ್ಟಡದಲ್ಲಿ ಆದದ್ದು

ಹೋದ ಮಳೆಗಾಲ ನಾನಿರೋ ಅಪಾರ್ಟ್‌ಮೆಂಟಿನ ನೀರನ್ನ ಎಚ್‌ಟುಎಸ್ ಬಾಟಲಿಯಲ್ಲಿ ನೋಡಿದ್ವಿ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದವರು 1982ರಲ್ಲಿ ಪ್ರಕಟಿಸಿದ ಅಗ್ಗದ ಪರೀಕ್ಷೆ ಅದು. ನೀರು ತುಂಬಿ ಒಂದೆರಡು ದಿನ ಇಡೋದು, ಕಪ್ಪಾದರೆ ಕೊಳಚೆ ಸೇರಿರೋ ಸಾಧ್ಯತೆ. ಅಡುಗೆಮನೆ ನಲ್ಲಿಯ ಬಾಟಲಿ ಕಪ್ಪಾಯ್ತು. ಸಭೆ ಕರೆದ್ರೆ ಅದೇ ಮಾತು: ಬ್ಲೀಚಿಂಗ್ ಪೌಡರ್ ಹಾಕಿಸೋಣ, ಗ್ರೂಪಲ್ಲಿ ಹಾಕಬೇಡಿ, ಫ್ಲ್ಯಾಟಿನ ರೇಟ್ ಬೀಳುತ್ತೆ. ನಮ್ಮ ಮಹಡಿಯಲ್ಲಿ ಕಲಬುರಗಿ ಕಡೆಯ ಹುಡುಗಿ, ನನ್ನ ಹಾಗೇ ಮಿಹಾನ್‌ಗೆ ಕೆಲಸಕ್ಕೆ ಬಂದವಳು, ಏಳು ತಿಂಗಳ ಬಸುರಿ. ದಿಲ್ಲಿಯ ಕಥೆ ಓದಿದ್ದ ನನಗೆ ಸುಮ್ಮನಿರೋಕೆ ಆಗಲಿಲ್ಲ. ಆ ಕಥೆಯನ್ನೇ ಸಭೆಯಲ್ಲಿ ಹೇಳಿದೆ. ಹಿರಿಯರೊಬ್ಬರು ಎದ್ದು “ಆ ಮಗು ಹುಟ್ಟೋವರೆಗೆ ರೇಟ್ ಮಾತು ಬೇಡ” ಅಂದ್ರು, ಗಲಾಟೆ ನಿಂತಿತು.

ಮೂರು ಕಡೆ ಬಾಟಲಿ ಇಟ್ವಿ: ಮೀಟರಿನ ಹತ್ತಿರ, ಸಂಪಿನಲ್ಲಿ, ಅಡುಗೆಮನೆಯಲ್ಲಿ. ಮೀಟರಿನದು ಕಪ್ಪಾಗಲಿಲ್ಲ, ಉಳಿದೆರಡೂ ಕಪ್ಪಾದವು. ಅಂದರೆ ದೋಷ ನಮ್ಮೊಳಗೇ. ಪ್ಲಂಬರ್ ಹುಡುಕಿದಾಗ ಬೋರ್‌ವೆಲ್ ಪೈಪು ನಲ್ಲಿ ಪೈಪಿಗೆ ಒಂದು ವಾಲ್ವಿನಿಂದ ಸೇರಿರೋದು ಸಿಕ್ಕಿತು. ವಾಪಸ್ ಬರದ ಹಾಗೆ ತಡೀಬೇಕಿದ್ದ ಎನ್‌ಆರ್‌ವಿ ಕಲ್ಲುಪುಡಿ ಸಿಕ್ಕಿ ಅರ್ಧ ತೆರೆದೇ ನಿಂತಿತ್ತು. ಬೋರ್ ಪಂಪು ಹಾಕಿದಾಗೆಲ್ಲ ಅದರ ನೀರು ಸಂಪಿಗೂ ಬರ್ತಿತ್ತು, ಬೀದಿ ಪೈಪಿನಲ್ಲಿ ಒತ್ತಡ ಇಲ್ಲದಾಗ ಅಲ್ಲಿಗೂ ಹೋಗೋಕೆ ದಾರಿ ಇತ್ತು. ಬೀದಿಯಿಂದ ನಮಗೆ ಬರೋದರ ಚಿಂತೆ ಮಾಡ್ತಿದ್ದ ನಾವು, ನಮ್ಮಿಂದ ಬೀದಿಗೆ ಏನು ಹೋಗ್ತಿತ್ತು ಅಂತ ಯೋಚಿಸಿರಲೇ ಇಲ್ಲ. ನಮ್ಮ ಕಟ್ಟಡದ ಮುಂದಿನ ನಲ್ಲಿ ಒಂದು ಚಹಾ ಅಂಗಡಿಯದು.

ಜೋಡಣೆ ಕತ್ತರಿಸಿ ಎರಡೂ ತುದಿಗೆ ಎಂಡ್ ಕ್ಯಾಪ್ ಹಾಕಿಸಿದ್ವಿ. ಸಂಪು ಖಾಲಿ ಮಾಡಿ ತೊಳೆದು, ಆಮೇಲೆ ಕ್ಲೋರಿನ್ ಹಾಕಿ, ಪೈಪೆಲ್ಲ ಹರಿಸಿ, ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ಎಲ್ಲರ ಮನೆಯಲ್ಲೂ ಕುದಿಸಿದ ನೀರು. ಮಗು ಚೆನ್ನಾಗಿದೆ, ಈಗ ದಟ್ಟಡಿ ಇಡ್ತಿದೆ.

ಹಾಗಾದ್ರೆ ನೀವು ಏನು ಮಾಡಬೇಕು

ಅಮೆರಿಕದಲ್ಲಿ ಕಾಗದ ಬಂದಿರೋರಿಗೆ ಮೊದಲು. ಫೇಲ್ ಅಂದ ತಕ್ಷಣ ನೀರು ವಿಷ ಆಗಿದೆ ಅಂತಲ್ಲ, ಕಾವಲು ಮಲಗಿದೆ ಅಂತ. ನೀರಿನ ಬಣ್ಣ, ವಾಸನೆ ಬದಲಾಗಿದ್ದರೆ ಕುಡಿಯೋದು ನಿಲ್ಲಿಸಿ, ಆ ಕೂಡಲೇ ವಾಟರ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ. ಸ್ಪ್ರಿಂಕ್ಲರಿನದ್ದಾದರೆ ಅದಕ್ಕೆ ಹೋಗೋ ವಾಲ್ವ್ ಮುಚ್ಚಿಬಿಡಿ. ರಿಪೇರಿ ಆಗೋವರೆಗೆ ಹುಲ್ಲು ಒಣಗಿದರೆ ಒಣಗಲಿ.

ಟೆಸ್ಟ್ ರಿಪೋರ್ಟ್ ಕೇಳಿ ತಗೊಳ್ಳಿ. ಯಾವ ಭಾಗ ಫೇಲ್ ಅಂತ ಅದರಲ್ಲಿ ಇರುತ್ತೆ. ಡಬಲ್ ಚೆಕ್ ಆದರೆ ಎರಡು ಬಾಗಿಲೂ ಕನಿಷ್ಠ 1 ಪಿಎಸ್‌ಐ ತಡೀಬೇಕು. ರಿಡ್ಯೂಸ್ಡ್ ಪ್ರೆಷರ್ ಬಗೆಯದಾದರೆ ಎರಡು ಬಾಗಿಲ ಮಧ್ಯದ ರಿಲೀಫ್ ವಾಲ್ವ್, ಒತ್ತಡದ ಅಂತರ 2 ಪಿಎಸ್‌ಐಗೆ ಇಳಿಯೋ ಮೊದಲೇ ತೆರೆಯಬೇಕು. ಅದರ ಕೆಳಗಿಂದ ನೀರು ಸುರೀತಿದೆ ಅಂತ ಯಾರೂ ಅದಕ್ಕೆ ಬಿರಡೆ ಹಾಕಬಾರದು. ಒಳಗೆ ಹೋಗಬಾರದ ನೀರನ್ನ ಅದು ಹೊರಗೆ ಚೆಲ್ತಿದೆ, ಅದೇ ಅದರ ಕೆಲಸ.

ಬಹಳ ಸಲ ಕಾರಣ ಸಣ್ಣದು: ಬಾಗಿಲ ಸೀಟಿನ ಮೇಲೆ ಮರಳು, ಸವೆದ ರಬ್ಬರ್, ಸೋತ ಸ್ಪ್ರಿಂಗ್. ಬಿಚ್ಚಿ ತೊಳೆದು, ಅದೇ ಮಾಡೆಲ್ಲಿನ ರಿಪೇರಿ ಕಿಟ್ ಹಾಕಿದರೆ ಮುಗೀತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಮೈಯೇ ಬಿರುಕು ಬಿಟ್ಟಿದ್ದರೆ ಹೊಸದೇ ಬೇಕು. ಹೊಸದು ಹಾಕೋವಾಗ ಕೆಳದರ್ಜೆಯದಕ್ಕೆ ಇಳೀಬೇಡಿ. ಟೆಸ್ಟ್ ಮಾಡೋ ಪರವಾನಗಿ ಇದ್ದ ಮಾತ್ರಕ್ಕೆ ರಿಪೇರಿಗೂ ಇರುತ್ತೆ ಅಂತಿಲ್ಲ, ಊರಿಂದ ಊರಿಗೆ ನಿಯಮ ಬೇರೆ, ಕೇಳಿ ನೋಡಿ.

ರಿಪೇರಿ ಆದಮೇಲೆ ಮರುಪರೀಕ್ಷೆ ಕಡ್ಡಾಯ. ಪಾಸಾದ ವರದಿ ಇಲಾಖೆಗೆ ತಲುಪಿದೆಯಾ ಅಂತ ನೀವೇ ವಿಚಾರಿಸಿ, ಒಂದು ಪ್ರತಿ ಇಟ್ಕೊಳ್ಳಿ. ಗಡುವೊಳಗೆ ಆಗಲ್ಲ ಅನ್ನಿಸಿದರೆ ಮೊದಲೇ ಬರೆದು ಸಮಯ ಕೇಳಿ. ಗಡುವು ಮೀರಿದರೆ ಎಷ್ಟೋ ಊರುಗಳಲ್ಲಿ ನೀರು ಕಡಿತ ಮಾಡ್ತಾರೆ.

ಭಾರತದಲ್ಲಿ ಇರೋರಿಗೆ ಕಾಗದ ಬರಲ್ಲ, ಆದ್ದರಿಂದ ನಾವೇ ನೋಡ್ಕೋಬೇಕು. ಬೋರ್ ಪೈಪು, ನಲ್ಲಿ ಪೈಪು ಎಲ್ಲೂ ಸೇರಬಾರದು. ನಮ್ಮ ಬಿಐಎಸ್ ಸಂಹಿತೆ ಐಎಸ್ 2065 ಹೇಳೋದೂ ಅದನ್ನೇ. ವಾಲ್ವ್ ಹಾಕಿದೀವಲ್ಲ ಅನ್ನೋದು ಉತ್ತರ ಅಲ್ಲ. ಸಂಪಿಗೆ ನೀರು ಬೀಳೋ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲೇ ಇರಲಿ, ನಡುವಿನ ಆ ಗಾಳಿಯ ಅಂತರಕ್ಕಿಂತ ಒಳ್ಳೇ ಕಾವಲು ಇನ್ನೊಂದಿಲ್ಲ. ಅದಕ್ಕೆ ಸ್ಪ್ರಿಂಗೂ ಇಲ್ಲ, ರಬ್ಬರೂ ಇಲ್ಲ, ಕೆಡೋಕೆ ಏನೂ ಇಲ್ಲ. ಬಕೆಟ್ಟಿನೊಳಗೆ ಮುಳುಗಿಸಿದ ಹೋಸ್ ಪೈಪನ್ನ ಹಾಗೇ ಬಿಟ್ಟು ಹೋಗಬೇಡಿ. ನಲ್ಲಿಯಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಪ್ರತಿ ಲೀಟರಿಗೆ ಇರಬೇಕು, 100 ಮಿಲಿಲೀಟರ್ ನೀರಲ್ಲಿ ಇ.ಕೋಲಿ ಒಂದೂ ಇರಬಾರದು. ಐಎಸ್ 10500 ಮಾನದಂಡ ಇದು. ಸೊಸೈಟಿ ಸಭೆಯಲ್ಲಿ ಈ ಎರಡು ಅಂಕಿ ಕೇಳಿ ನೋಡಿ.

ಕೊನೆಗೆ ಆ ಪ್ರಶ್ನೆಗೆ ನೇರ ಉತ್ತರ. ದುಡ್ಡು ಕೀಳೋ ನಿಯಮ ಅಲ್ಲ ಇದು. ನಿಮ್ಮ ಮನೆಯ ಆ ಬಾಗಿಲು ಕಾಯೋದು ನಿಮ್ಮನ್ನ ಮಾತ್ರ ಅಲ್ಲ. ಅದೇ ಬೀದಿಯ, ನಿಮಗೆ ಪರಿಚಯವೇ ಇಲ್ಲದ ಯಾರದೋ ಮನೆಯ ಲೋಟವನ್ನೂ ಕಾಯುತ್ತೆ. ಬೇರೆ ಊರಿಂದ ಬಂದು ನೆಲೆಸಿದ ನಮ್ಮಂಥವರು ಆ ಊರಿಗೆ ತೀರಿಸಬಹುದಾದ ಸಣ್ಣ ಋಣ ಅಂತಲೇ ಇಟ್ಕೊಳ್ಳಿ.

ಮುಂದಿನ ಮಾತಿನಲ್ಲಿ ಸಿಗೋಣ.